ಬಡಾವಣೆ ಸಂಘಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಎಷ್ಟೋ ಕಡೆ ಮನೆ ಕೊಂಡ ಮೇಲೆ ಎಚ್‌ಒಎ (ಮನೆ ಮಾಲೀಕರ ಸಂಘ) ಶುಲ್ಕ ಅಂತ ಕಡ್ಡಾಯವಾಗಿ ಕಟ್ಟುತ್ತೀರಲ್ಲ, ಅದು ಬೇರೆ. ನೇಬರ್‌ಹುಡ್ ಅಸೋಸಿಯೇಷನ್ ಅಂದರೆ ಅಕ್ಕಪಕ್ಕದವರು ತಾವಾಗಿಯೇ ಸೇರಿ ನಡೆಸುವ ಸಂಘ. ಬಾಡಿಗೆಗೆ ಇರುವವರೂ ಸಾಮಾನ್ಯವಾಗಿ ಸೇರಬಹುದು. ಪಾರ್ಕಿನ ಬೆಂಚು, ರಸ್ತೆ ಬದಿಯ ಗಿಡ, ಮಕ್ಕಳು ರಸ್ತೆ ದಾಟುವ ಜಾಗ, ಇಂಥದ್ದಕ್ಕೆಲ್ಲ ಓಡಾಡುವವರು ಇವರೇ. "ಟ್ಯಾಕ್ಸ್ ಕಟ್ತೀವಲ್ಲ, ಸಿಟಿಯವರು ನೋಡ್ಕೋತಾರೆ ಬಿಡಿ" ಅಂತ ನಮ್ಮವರು ಸುಮ್ನಿರುತ್ತಾರೆ. ಸಿಟಿ ತಾನಾಗಿ ಕೊಡುವುದಿಲ್ಲ. ಅರ್ಜಿ ಹಾಕಿದರೆ ಸ್ವಲ್ಪ ಕೊಡಬಹುದು, ಅದೂ ಒಂದು ಕೆಲಸಕ್ಕೆ, ಒಂದು ಸಲಕ್ಕೆ.

ಹೀಗೆ ಅರ್ಜಿ ಹಾಕಿ ಪಡೆಯುವ ಸಹಾಯಧನದ, ಅಂದರೆ ಗ್ರಾಂಟ್‌ನ ತಾಪತ್ರಯವೇ ಅದು. ಹೊಸ ಬೆಂಚಿಗೆ ದುಡ್ಡು ಸಿಗುತ್ತದೆ, ಆಮೇಲೆ ಅದಕ್ಕೆ ಬಣ್ಣ ಬಳಿಯಲು ಸಿಗುವುದಿಲ್ಲ. ಇನ್ಶೂರೆನ್ಸು, ಸಭೆ ಜಾಗದ ಬಾಡಿಗೆ, ವೆಬ್‌ಸೈಟು, ಇವಕ್ಕೆ ಕೊಡುವವರು ಅಪರೂಪ. ಅವೆಲ್ಲ ನಡೆಯುವುದು ಸದಸ್ಯರ ವರ್ಷದ ಚಂದಾದಿಂದಲೇ. ಅದಕ್ಕೇ ದೊಡ್ಡ ಚೆಕ್ ಬರೆಯುವ ಒಬ್ಬ ಬಿಲ್ಡರ್‌ಗಿಂತ ಚಂದಾ ಕೊಡುವ ನೂರು ಮನೆ ಮೇಲು. ನಾಳೆ ಆತ ನಿಮ್ಮ ಬೀದಿಯಲ್ಲೇ ಏನೋ ಎಬ್ಬಿಸಲು ಹೊರಟರೆ ಸಂಘ ಯಾವ ಬಾಯಲ್ಲಿ ಬೇಡ ಅನ್ನಬೇಕು?

ಕೈಯಲ್ಲಿ ದುಡ್ಡಿಲ್ಲವೇ? ಹೊತ್ತು ಕೊಡಿ. ಸಿಯಾಟಲ್ ನಗರ 1988ರಲ್ಲಿ ನೇಬರ್‌ಹುಡ್ ಮ್ಯಾಚಿಂಗ್ ಫಂಡ್ ಮಾಡಿತು, ಅಂದರೆ ಬಡಾವಣೆಯವರು ತಮ್ಮ ಪಾಲು ಹಾಕಿದರೆ ಸಿಟಿಯೂ ತನ್ನ ಪಾಲು ಸೇರಿಸುವ ನಿಧಿ. ಅಲ್ಲಿ ಜನ ದುಡಿದ ಗಂಟೆಗೂ ಬೆಲೆ ಕಟ್ಟಿ, ಅದನ್ನು ಬಡಾವಣೆಯ ಪಾಲು ಅಂತ ಲೆಕ್ಕ ಹಿಡಿಯುತ್ತಾರೆ. ಬೇರೆ ಕೆಲವು ಊರುಗಳಲ್ಲೂ ಇಂಥ ವ್ಯವಸ್ಥೆ ಇದೆ. ಆದರೆ ಹಾಜರಿ ಹಾಳೆಯಲ್ಲಿ ಹೆಸರು, ಗಂಟೆ ಬರೆದರೆ ಮಾತ್ರ. ನಮ್ಮವರು ಬೆಳಗ್ಗೆಯಿಂದ ಮಣ್ಣು ಹೊತ್ತು, "ಅಯ್ಯೋ, ಅದೆಲ್ಲ ಯಾಕೆ" ಅಂತ ಸಹಿ ಹಾಕದೆ ಹೊರಟುಬಿಡುತ್ತಾರೆ! ಈ ಸಂಕೋಚದಿಂದ ಸಂಘಕ್ಕೆ ನಷ್ಟ.

ಎಷ್ಟೋ ಕಂಪನಿಗಳು ನೌಕರರು ದೇಣಿಗೆ ಕೊಟ್ಟಷ್ಟನ್ನೇ ತಾವೂ ಸೇರಿಸಿ ಕೊಡುತ್ತವೆ. ಅದಕ್ಕೆ ಸಾಮಾನ್ಯವಾಗಿ ಸಂಘಕ್ಕೆ 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ದತ್ತಿ ಸಂಸ್ಥೆ ಎಂಬ ಮಾನ್ಯತೆ ಇರಬೇಕು. ಇಲ್ಲದಿದ್ದರೆ ಮಾನ್ಯತೆ ಇರುವ ಇನ್ನೊಂದು ಸಂಸ್ಥೆ ಫಿಸ್ಕಲ್ ಸ್ಪಾನ್ಸರ್ ಆಗಿ ಹಣ ಪಡೆದು, ತನ್ನ ಪಾಲು ಹಿಡಿದು ದಾಟಿಸಬಹುದು. ವರಮಾನ ವರ್ಷಕ್ಕೆ 50,000 ಡಾಲರ್ ದಾಟದ ಸಣ್ಣ ಸಂಘ ತೆರಿಗೆ ಇಲಾಖೆಗೆ (ಐಆರ್‌ಎಸ್) ವರ್ಷಕ್ಕೊಮ್ಮೆ 990-ಎನ್ ಎಂಬ ಪುಟ್ಟ ಆನ್‌ಲೈನ್ ಫಾರ್ಮ್ ತುಂಬಿದರೆ ಸಾಕು. ಸತತ 3 ವರ್ಷ ಮರೆತರೆ ಮಾನ್ಯತೆ ತಾನಾಗಿ ರದ್ದು.

ನಮ್ಮ ದೇಣಿಗೆಯೆಲ್ಲ ಬಿಟ್ಟು ಬಂದ ಊರಿಗೆ, ಇಲ್ಲವೇ ಕನ್ನಡ ಸಂಘಕ್ಕೆ. ತಪ್ಪೇನಲ್ಲ. ಆದರೆ ಮಕ್ಕಳು ಸೈಕಲ್ ಕಲಿತದ್ದು ಈ ಬೀದಿಯಲ್ಲಿ, ಅಲ್ವಾ? ನಾಳೆ ಅವರು ನೆನೆಸಿಕೊಳ್ಳುವುದೂ ಇದನ್ನೇ. ಬಿಟ್ಟು ಬಂದ ಊರಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಡಿಮೆಯಾಗುತ್ತಾ ಬಂದರು. ಇಲ್ಲಿ ಪಕ್ಕದ ಮನೆಯವರ ಹೆಸರೇ ನಮಗೆ ಗೊತ್ತಿರುವುದಿಲ್ಲ. ಚಂದಾ ಕೇಳುವ ನೆಪದಲ್ಲಾದರೂ ಹೋಗಿ ಬಾಗಿಲು ತಟ್ಟಬಹುದು.

ಖಜಾಂಚಿ ಆಗಲು ಹೆಚ್ಚಾಗಿ ಯಾರೂ ಮುಂದೆ ಬರುವುದಿಲ್ಲ. ಲೆಕ್ಕ ಬರುವವರಾದರೆ ಒಪ್ಪಿಕೊಳ್ಳಿ. ಆದರೆ ಚೆಕ್‌ಗೆ ಇಬ್ಬರ ಸಹಿ ಇರಲಿ, ಪ್ರತಿ ಸಭೆಯಲ್ಲೂ ಬ್ಯಾಂಕ್ ಲೆಕ್ಕ ತೋರಿಸುತ್ತೇನೆ ಅಂತ ಮೊದಲೇ ಹೇಳಿಬಿಡಿ.