ದಾತೊಂಗ್: ಗಣಿ ಮತ್ತು ಗುಹೆ ಎದುರುಬದುರಾಗಿರುವ ಕಣಿವೆಯಲ್ಲಿ ನನ್ನ ನಾಲ್ಕು ದಿನ

ಇಪ್ಪತ್ತೆಂಟು ವರ್ಷ ಒಂದು ಉಷ್ಣ ವಿದ್ಯುತ್ ಸ್ಥಾವರದ ಕಲ್ಲಿದ್ದಲು ವಿಭಾಗದಲ್ಲಿ ದುಡಿದವನು ನಾನು. ರೇಕ್, ಅಂದರೆ ಕಲ್ಲಿದ್ದಲು ತುಂಬಿದ ಇಡೀ ಗೂಡ್ಸ್ ರೈಲು, ಬಂತೆಂದರೆ ವ್ಯಾಗನ್‌ಗಳನ್ನು ಒಂದೊಂದಾಗಿ ಬಿಡಿಸಿ, ಅವನ್ನು ಮಗುಚುವ ಯಂತ್ರವಾದ ಟಿಪ್ಲರ್‌ಗೆ ತಂದು, ಬೋರಲು ಹಾಕಿ, ಮೇಲೆದ್ದ ಧೂಳನ್ನು ನೀರು ಚಿಮುಕಿಸಿ ಅಡಗಿಸುವುದೇ ನಮ್ಮ ಹಗಲು ರಾತ್ರಿಯ ಕೆಲಸವಾಗಿತ್ತು. ನಿವೃತ್ತಿಯ ಬಳಿಕ, 2018ರ ಸೆಪ್ಟೆಂಬರ್ ಕೊನೆಯಲ್ಲಿ, ಬೀಜಿಂಗ್‌ನಲ್ಲಿ ಓದುತ್ತಿದ್ದ ಅಕ್ಕನ ಮಗನನ್ನು ನೋಡಲು ಹೋದಾಗ ನಾಲ್ಕು ದಿನಗಳನ್ನು ದಾತೊಂಗ್ ನಗರಕ್ಕೆಂದೇ ಎತ್ತಿಟ್ಟೆ. ಶಾನ್ಶಿ ಪ್ರಾಂತದ ಉತ್ತರ ತುದಿಯಲ್ಲಿರುವ ಈ ನಗರವನ್ನು ಚೀನಾದಲ್ಲಿ ‘ಕಲ್ಲಿದ್ದಲಿನ ರಾಜಧಾನಿ’ ಎನ್ನುತ್ತಾರೆ. ಪ್ರವಾಸಿಗರು ಇಲ್ಲಿಗೆ ಬರುವುದು ಯುನ್‌ಗಾಂಗ್ ಬೌದ್ಧ ಗುಹೆಗಳಿಗಾಗಿ. ಗುಹೆ ಮತ್ತು ಗಣಿ ಎರಡನ್ನೂ ಒಂದೇ ದಿನ ನೋಡಬೇಕೆಂಬುದು ನಾನು ಊರಿನಲ್ಲಿ ನಕ್ಷೆ ಹರವಿಕೊಂಡು ಕುಳಿತಾಗಲೇ ಮಾಡಿದ ತೀರ್ಮಾನ.

“ಮಾಮ, ಅಲ್ಲಿ ಇಂಗ್ಲಿಷ್ ನಡೆಯುವುದಿಲ್ಲ, ಈ ಚೀಟಿಗಳನ್ನು ಜೋಪಾನವಾಗಿಟ್ಟುಕೊಳ್ಳಿ,” ಎಂದು ಅಕ್ಕನ ಮಗ ಹೋಟೆಲಿನ ವಿಳಾಸ, ನೋಡಬೇಕಾದ ಸ್ಥಳಗಳ ಹೆಸರು, ‘ನಾನು ಮಾಂಸ ತಿನ್ನುವುದಿಲ್ಲ’ ಎಂಬ ವಾಕ್ಯ, ಇವನ್ನೆಲ್ಲ ಚೀನೀ ಲಿಪಿಯಲ್ಲಿ ಬರೆದುಕೊಟ್ಟ. ನಾಲ್ಕೂ ದಿನ ನನ್ನ ಕೈಹಿಡಿದು ನಡೆಸಿದ್ದು ಆ ಚೀಟಿಗಳೇ. ಊರಿನವರೆಲ್ಲ ಮೊಬೈಲಿನಲ್ಲಿ ಹಣ ಕೊಡುತ್ತಿದ್ದರೂ ಹೊರದೇಶದವರ ಕಾರ್ಡು ಅದಕ್ಕೆ ಜೋಡಣೆಯಾಗದಿದ್ದ ಕಾಲವದು, ಆದ್ದರಿಂದ ಚಿಲ್ಲರೆ ನೋಟುಗಳನ್ನು ಹೆಚ್ಚಾಗಿ ಒಯ್ದಿದ್ದೆ. ರೈಲು ಟಿಕೆಟ್ ಪಾಸ್‌ಪೋರ್ಟ್ ತೋರಿಸಿಯೇ ಕೊಳ್ಳಬೇಕು. ಬೀಜಿಂಗ್‌ನಿಂದ ಹಳೆಯ ರೈಲಿನಲ್ಲಿ ಸುಮಾರು ಆರು ಗಂಟೆ ಹಿಡಿಯಿತು. 2019ರ ಡಿಸೆಂಬರ್ ಕೊನೆಯಲ್ಲಿ ವೇಗದ ರೈಲು ಆರಂಭವಾದ ಮೇಲೆ ಅದೇ ದಾರಿ ಎರಡು ಗಂಟೆಯ ಆಸುಪಾಸಿಗೆ ಇಳಿದಿದೆ. ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ, ಸೆಪ್ಟೆಂಬರಿನಲ್ಲೇ ರಾತ್ರಿ ಸ್ವೆಟರ್ ಬೇಕಾಯಿತು.

ಎರಡನೆಯ ದಿನ ಬೆಳಿಗ್ಗೆ ನಗರದಿಂದ 16 ಕಿ.ಮೀ. ಪಶ್ಚಿಮಕ್ಕಿರುವ ಕಣಿವೆಗೆ ಹೊರಟೆ. ಮೊದಲು ಗಣಿ, ಆಮೇಲೆ ಗುಹೆ. ಜಿನ್‌ಹ್ವಾಗೊಂಗ್ ಗಣಿಯ ಒಂದು ಭಾಗವನ್ನು ‘ರಾಷ್ಟ್ರೀಯ ಗಣಿ ಉದ್ಯಾನ’ವಾಗಿ ಮಾರ್ಪಡಿಸಿ ಸಂದರ್ಶಕರನ್ನು ನೆಲದೊಳಕ್ಕೆ ಕರೆದೊಯ್ಯುತ್ತಾರೆ. ಗಣಿ ಕಾರ್ಮಿಕರ ಉಡುಪು, ಶಿರಸ್ತ್ರಾಣ, ಹಣೆಯ ದೀಪ ತೊಡಿಸಿದರು. ಒಳಗೆ ಒಂದು ತಿರುವಿನಲ್ಲಿ ಕಲ್ಲಿದ್ದಲಿನ ಪದರಕ್ಕೆ ದೀಪ ಹಿಡಿದು ತುಂಬ ಹೊತ್ತು ನಿಂತೆ. ನಮ್ಮ ಸ್ಥಾವರಕ್ಕೆ ಬರುತ್ತಿದ್ದ ಕಲ್ಲಿದ್ದಲು ಮಂಕುಬಣ್ಣದ್ದು. ಅದರೊಳಗೆ ಕಲ್ಲಿನ ಹಾಳೆಗಳು ಸಿಕ್ಕಿಕೊಂಡಿರುತ್ತಿದ್ದವು, ಉರಿಸಿದ ಮೇಲೆ ಮೂರನೆಯ ಒಂದು ಪಾಲಿಗೂ ಹೆಚ್ಚು ಬೂದಿಯೇ ಉಳಿಯುತ್ತಿತ್ತು. ಇಲ್ಲಿಯದು ಜುರಾಸಿಕ್ ಯುಗದ ಕಲ್ಲಿದ್ದಲು. ದೀಪದ ಬೆಳಕಿಗೆ ಗಾಜಿನಂತೆ ಮಿನುಗುವ ಪಟ್ಟೆಗಳು, ನಡುವೆ ಕಲ್ಲಿನ ಗೆರೆ ಕಾಣಲೇ ಇಲ್ಲ. ಬೂದಿ ಕಡಿಮೆ, ಗಂಧಕ ಕಡಿಮೆ, ಶಾಖ ಹೆಚ್ಚು ಎಂಬ ಇದರ ಖ್ಯಾತಿಯನ್ನು ಓದಿ ತಿಳಿದಿದ್ದೆ; ಆ ಗೋಡೆಗೆ ಅಂಗೈ ಒತ್ತಿದಾಗ, ಒಂದು ಇಡೀ ನಗರ ಏಕೆ ಇದರ ಮೇಲೆ ನಿಂತಿತು ಎಂಬುದು ಮನಸ್ಸಿಗೆ ನಾಟಿತು. ಆದರೆ ಈ ಮೇಲ್‌ಪದರಗಳು ಬಹುಪಾಲು ಬರಿದಾಗಿವೆ. ತಾಶಾನ್‌ನಂಥ ಹೊಸ ಗಣಿಗಳು ಇನ್ನೂ ಆಳದಲ್ಲಿರುವ, ಇನ್ನೂ ಪುರಾತನವಾದ ಪದರಗಳನ್ನು ತೋಡುತ್ತಿವೆ.

ಗಣಿಯಿಂದ ಹೊರಬಂದು ಹೊಳೆಯ ಆಚೆ ನೋಡಿದರೆ ಅಲ್ಲೇ ಯುನ್‌ಗಾಂಗ್. ಉತ್ತರ ವೇಯ್ ವಂಶದವರು 398ರಿಂದ 494ರವರೆಗೆ ಈ ಊರನ್ನು ಪಿಂಗ್‌ಚೆಂಗ್ ಎಂಬ ಹೆಸರಿನಲ್ಲಿ ರಾಜಧಾನಿಯಾಗಿಸಿಕೊಂಡಿದ್ದರು. ಅವರಲ್ಲೊಬ್ಬ ಅರಸ 446ರಲ್ಲಿ ಬೌದ್ಧರನ್ನು ದಮನ ಮಾಡಿದ. ಅವನ ನಂತರ ಬಂದ ಮೊಮ್ಮಗ ಧರ್ಮವನ್ನು ಮತ್ತೆ ಎತ್ತಿಹಿಡಿದ. 460ರಲ್ಲಿ ತಾನ್ ಯಾವೊ ಎಂಬ ಭಿಕ್ಷುವಿನ ಮೇಲ್ವಿಚಾರಣೆಯಲ್ಲಿ ಕೊರೆತ ಶುರುವಾಯಿತು. ಈಗ 16ರಿಂದ 20ರವರೆಗಿನ ಸಂಖ್ಯೆ ಹೊತ್ತಿರುವ ಐದು ಗುಹೆಗಳು ಅವನ ಕಾಲದವು. ಒಟ್ಟು ಐವತ್ತು ಸಾವಿರಕ್ಕೂ ಹೆಚ್ಚು ವಿಗ್ರಹಗಳಿವೆ. 2001ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಪ್ಪತ್ತನೆಯ ಗುಹೆಯ ಮುಂಗೋಡೆ ಎಂದೋ ಕುಸಿದುಬಿದ್ದಿರುವುದರಿಂದ ಸುಮಾರು 14 ಮೀಟರ್ ಎತ್ತರದ ಕುಳಿತ ಬುದ್ಧ ಬಯಲಿಗೇ ಮುಖಮಾಡಿದ್ದಾನೆ. ಮರಳುಗಲ್ಲಿನಲ್ಲಿ ಕೊರೆದ ಆ ಭುಜಗಳನ್ನು ಕಂಡಾಗ, ನಮ್ಮ ಬಾದಾಮಿಯ ಶಿಲ್ಪಿಗಳು ಇದೇ ಜಾತಿಯ ಕಲ್ಲಿಗೆ ಉಳಿ ಇಟ್ಟದ್ದು ಒಂದು ಶತಮಾನದ ನಂತರ ಎಂಬುದು ನೆನಪಾಯಿತು.

ವೃತ್ತಿಯ ಅಭ್ಯಾಸದಿಂದ ನನ್ನ ಕಣ್ಣು ಮಾತ್ರ ಧೂಳನ್ನೇ ಹುಡುಕುತ್ತಿತ್ತು. ವಿಗ್ರಹಗಳ ಮೊಣಕಾಲು, ಮುಂಗೈ, ಬಟ್ಟೆಯ ನೆರಿಗೆಗಳ ಮೇಲಂಚು, ಹೀಗೆ ಆಕಾಶಕ್ಕೆ ತೆರೆದ ಜಾಗಗಳಲ್ಲೆಲ್ಲ ಬೂದುಬಣ್ಣದ ಪದರವಿತ್ತು. ಒಂದು ಕಾಲದಲ್ಲಿ ಕಲ್ಲಿದ್ದಲು ಹೊತ್ತ ಲಾರಿಗಳು ಸಾಗುತ್ತಿದ್ದ 109ನೆಯ ರಾಷ್ಟ್ರೀಯ ಹೆದ್ದಾರಿ ಈ ಗುಹೆಗಳ ಎದುರಿಗೇ ಹಾದುಹೋಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ಅದನ್ನು ದೂರಕ್ಕೆ ತಿರುಗಿಸಿದರು. ಒಂದೂವರೆ ಸಾವಿರ ವರ್ಷ ಬಾಳಿದ ಕಲ್ಲಿಗೆ ಆ ಬಳಸುದಾರಿ ಎಷ್ಟು ದೊಡ್ಡ ಉಪಕಾರವೆಂಬುದು ಕಲ್ಲಿದ್ದಲು ಸಾಗಿಸುವ ಕನ್ವೇಯರ್ ಪಟ್ಟಿಯ ಪಕ್ಕದಲ್ಲಿ ಒಂದು ಪಾಳಿ ನಿಂತವರಿಗೆ ತಿಳಿಯುತ್ತದೆ.

ಧೂಳಿನ ಇನ್ನೊಂದು ಮುಖ ಇದಕ್ಕಿಂತ ಭೀಕರವಾದದ್ದು. 1960ರ ಮೇ 9ರಂದು ಇಲ್ಲಿನ ಲಾವ್‌ಬೈದೊಂಗ್ ಗಣಿಯಲ್ಲಿ ಕಲ್ಲಿದ್ದಲಿನ ಧೂಳು ಸ್ಫೋಟಿಸಿ 684 ಮಂದಿ ಸತ್ತರು. ಗಾಳಿಯಲ್ಲಿ ತೇಲುವ ನುಣ್ಣನೆಯ ಪುಡಿಗೆ ಕಿಡಿಯೊಂದು ತಗುಲಿದರೆ ಸಾಕು, ಮೊದಲ ಸ್ಫೋಟದ ಅಲೆ ನೆಲದ ಧೂಳನ್ನೂ ಎಬ್ಬಿಸಿ ಸುರಂಗದಿಂದ ಸುರಂಗಕ್ಕೆ ಬೆಂಕಿ ಹಬ್ಬಿಸುತ್ತದೆ. ಆಗ ಉತ್ಪಾದನೆಯ ಗುರಿ ಮುಟ್ಟಿಸುವ ಒತ್ತಡ ವಿಪರೀತವಾಗಿದ್ದ ಕಾಲ. ಈ ದುರಂತದ ಸುದ್ದಿ ಹೊರಜಗತ್ತಿಗೆ ದಶಕಗಳ ಕಾಲ ತಿಳಿಯಲಿಲ್ಲ. ಅದಕ್ಕೂ ಮುಂಚೆ, 1937ರಿಂದ 1945ರವರೆಗಿನ ಜಪಾನೀ ಆಕ್ರಮಣದ ವರ್ಷಗಳಲ್ಲಿ ಬಲವಂತದಿಂದ ದುಡಿಸಿ ಸಾಯಿಸಿದ ಕಾರ್ಮಿಕರ ಶವಗಳನ್ನು ಎಸೆದ ಗುಂಡಿಗಳು ಇಲ್ಲಿನ ಮೆಯ್‌ಯುಕೋವ್ ಗಣಿ ಪ್ರದೇಶದಲ್ಲಿವೆ. ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ದಾತೊಂಗ್‌ಗೆ ಹೋಗುವವರು ಒಂದು ಅರ್ಧ ದಿನವನ್ನು ಇವರಿಗಾಗಿ ಮೀಸಲಿಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ಮೂರನೆಯ ದಿನ ನಾನು ಬಹುಕಾಲದಿಂದ ಕಾದಿದ್ದ ನೋಟ. ದಾತೊಂಗ್‌ನಿಂದ ಚಿನ್‌ಹ್ವಾಂಗ್‌ದಾವ್ ಬಂದರಿಗೆ 653 ಕಿ.ಮೀ. ಉದ್ದದ ವಿದ್ಯುದೀಕೃತ ಮಾರ್ಗವನ್ನು ಕಲ್ಲಿದ್ದಲು ಸಾಗಿಸುವುದಕ್ಕೆಂದೇ 1985ರಲ್ಲಿ ಆರಂಭಿಸಿ 1992ರಲ್ಲಿ ಪೂರ್ಣಗೊಳಿಸಿದರು. ನಗರದ ಪೂರ್ವಕ್ಕೆ ರಸ್ತೆಬದಿಯಲ್ಲಿ ನಿಂತು ಒಂದು ರೈಲಿನ ವ್ಯಾಗನ್‌ಗಳನ್ನು ಎಣಿಸತೊಡಗಿದೆ. ಎಣಿಕೆ 105 ತಲುಪಿದಾಗ ನಡುವೆ ಇನ್ನೊಂದು ಎಂಜಿನ್ ಬಂತು, ಅದರ ಹಿಂದೆ ಮತ್ತೆ ಅಷ್ಟೇ ವ್ಯಾಗನ್‌ಗಳು. ಹೀಗೆ 210 ವ್ಯಾಗನ್, ಒಟ್ಟು ತೂಕ ಇಪ್ಪತ್ತು ಸಾವಿರ ಟನ್, ಎರಡೂವರೆ ಕಿ.ಮೀ.ಗೂ ಹೆಚ್ಚು ಉದ್ದ. ನಮ್ಮಲ್ಲಿಗೆ ಬರುತ್ತಿದ್ದ ರೇಕ್‌ನಲ್ಲಿ 59 ವ್ಯಾಗನ್‌ಗಳಿರುತ್ತಿದ್ದವು. ಇವರ ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿ, ಅಂದರೆ ಕಪ್ಲಿಂಗ್, ತಿರುಗುವಂಥದ್ದು, ಆದ್ದರಿಂದ ಬಂದರಿನಲ್ಲಿ ಅವುಗಳನ್ನು ಬಿಡಿಸದೆಯೇ, ಒಂದೇ ಸಲಕ್ಕೆ ಮೂರು ನಾಲ್ಕನ್ನು ಬೋರಲು ಹಾಕುತ್ತಾರೆ. ಬಿಡಿಸುವ, ಮತ್ತೆ ಜೋಡಿಸುವ ಕೆಲಸದಲ್ಲಿ ಕೈಬೆರಳು ಕಳೆದುಕೊಂಡ ಸಹೋದ್ಯೋಗಿಯೊಬ್ಬರು ನನಗಿದ್ದರು. ಆ ಕಪ್ಲಿಂಗ್‌ಗಳು ಕಣ್ಣೆದುರು ಒಂದರ ಹಿಂದೊಂದು ಸಾಗುತ್ತಿದ್ದಾಗ ಅವರನ್ನೇ ನೆನೆದೆ.

ನಗರದೊಳಗಿನ ನೋಟಗಳನ್ನು ಬೇಗ ಮುಗಿಸಿದೆ. 1372ರಲ್ಲಿ ಮಿಂಗ್ ಸೇನಾನಿ ಶು ದಾ ಕಟ್ಟಿಸಿದ ಕೋಟೆಗೋಡೆಯನ್ನು 2008ರ ನಂತರ ಮೇಯರ್ ಗೆಂಗ್ ಯಾನ್‌ಬೊ ಅವಧಿಯಲ್ಲಿ ಪುನಃ ಎಬ್ಬಿಸಿದ್ದಾರೆ. ಅದಕ್ಕಾಗಿ ಅಸಂಖ್ಯ ಮನೆಗಳು ಉರುಳಿದವು. ಇಟ್ಟಿಗೆ ತೀರ ಹೊಸದು, ನನಗೆ ಅದು ಹಿಡಿಸಲಿಲ್ಲ. ಹ್ವಾಯನ್ ದೇವಾಲಯದಲ್ಲಿ 1038ರಲ್ಲಿ ಕಟ್ಟಿದ, ಧರ್ಮಗ್ರಂಥಗಳನ್ನಿಡುವ ಮರದ ಮಂಟಪವಿದೆ, ಅದನ್ನು ತಪ್ಪಿಸಬಾರದು. ಕೊನೆಯ ದಿನ ಸುಮಾರು 65 ಕಿ.ಮೀ. ದೂರದ, ಬಂಡೆಗೆ ಅಂಟಿಕೊಂಡಂತಿರುವ ತೂಗು ದೇವಾಲಯಕ್ಕೆ ಹೋಗಿಬಂದೆ. ಊಟಕ್ಕೆ ಚೀಟಿ ತೋರಿಸಿದಾಗಲೆಲ್ಲ ಸಿಕ್ಕಿದ್ದು ಓಟ್ಸ್ ಹಿಟ್ಟಿನ ‘ಯೋಮಿಯನ್’. ತೆಳುವಾಗಿ ಸುತ್ತಿದ ಕೊಳವೆಗಳನ್ನು ಜೇನುಗೂಡಿನಂತೆ ಒತ್ತಾಗಿ ನಿಲ್ಲಿಸಿ ಹಬೆಯಲ್ಲಿ ಬೇಯಿಸುತ್ತಾರೆ, ಶಾನ್ಶಿಯ ಕಪ್ಪು ವಿನೆಗರ್‌ನಲ್ಲಿ ಅದ್ದಿ ತಿನ್ನಬೇಕು. ಹಬೆಯಲ್ಲಿ ಬೆಂದ ಶಾವಿಗೆ ತಿಂದು ಬೆಳೆದವನಿಗೆ ಅದು ಮೊದಲ ತುತ್ತಿಗೇ ಒಗ್ಗಿತು.

ಗಣಿ ತೋಡಿ ಕುಸಿದ ನೆಲದಲ್ಲಿ ಈಗ ಸೌರ ಫಲಕಗಳನ್ನು ಹಾಸಿದ್ದಾರೆ. 2017ರಲ್ಲಿ ಇದೇ ದಾತೊಂಗ್‌ನಲ್ಲಿ ಪಾಂಡಾ ಆಕಾರದಲ್ಲಿ ಜೋಡಿಸಿದ 50 ಮೆಗಾವಾಟ್‌ನ ಒಂದು ಸ್ಥಾವರ ಚಾಲೂ ಆಗಿದೆ. ಮರಳುವಾಗ ರೈಲಿನ ಕಿಟಕಿಯಿಂದ ಫಲಕಗಳ ಸಾಲು ಕಂಡಿತು. ಸ್ವಲ್ಪ ಹೊತ್ತಿಗೆ ಪಕ್ಕದ ಹಳಿಯಲ್ಲಿ ಕಲ್ಲಿದ್ದಲಿನ ರೈಲೊಂದು ಎದುರಾಯಿತು. ಖಾಲಿ ವ್ಯಾಗನ್‌ಗಳು, ತುಂಬಿಕೊಳ್ಳಲು ದಾತೊಂಗ್ ಕಡೆಗೇ ಹೊರಟಿದ್ದವು.