ಅಳತೆ ಟೇಪು ಮತ್ತು ನನ್ನ ಸೊಂಟ

ತೀರ್ಥಹಳ್ಳಿಯಲ್ಲಿ ರವಿಕೆ ಹೊಲಿಯುವುದು ನನ್ನ ಕಸುಬು. ಎಳ್ಳಮಾವಾಸ್ಯೆಯ ಜಾತ್ರೆ ಹತ್ತಿರವಾದಾಗ, ಮದುವೆಯ ದಿನಗಳು ಶುರುವಾದಾಗ ಅಂಗಡಿಗೆ ಬರುವ ಹೆಂಗಸರಲ್ಲಿ ಅನೇಕರು, ನಾನು ಟೇಪು ಕೈಗೆತ್ತಿಕೊಳ್ಳುವ ಮೊದಲೇ, "ಈಗ ಸ್ವಲ್ಪ ದಪ್ಪ ಆಗಿದೀನಿ ಅಕ್ಕ, ಬಿಗಿಯಾಗೇ ಹೊಲೀರಿ, ಇಳೀತೀನಿ" ಎಂದು ಸಂಕೋಚದಿಂದ ಹೇಳುತ್ತಾರೆ. ಅದಕ್ಕೆ ನಾನು ಒಪ್ಪುವುದಿಲ್ಲ. ಇಂದಿನ ಮೈಗೆ ಹೊಂದುವಂತೆ ಹೊಲಿದು, ಎರಡೂ ಪಕ್ಕದಲ್ಲಿ ಧಾರಾಳವಾಗಿ ಒಳಗೆ ಬಟ್ಟೆ ಬಿಡುತ್ತೇನೆ. ಮೈ ಹೆಚ್ಚಿದರೆ ಹೊಲಿಗೆ ಬಿಚ್ಚಬಹುದು, ಇಳಿದರೆ ಇನ್ನೊಂದು ಹಾಕಬಹುದು. ಅಳತೆಯನ್ನು ಗಟ್ಟಿಯಾಗಿ ಹೇಳದೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಏಕೆಂದರೆ ಬೆಂಚಿನ ಮೇಲೆ ಕಾಯುತ್ತಿರುವವರಿಗೆ ಆ ಅಂಕಿಯಿಂದ ಆಗಬೇಕಾದದ್ದು ಏನೂ ಇಲ್ಲ.

ಇಡೀ ದಿನ ಮಿಷನ್ನಿನ ಮುಂದೆ ಕೂರುವ ನನ್ನ ಎಚ್‌ಬಿಎ1ಸಿ, ಅಂದರೆ ರಕ್ತದ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿ ತೋರಿಸುವ ಅಂಕಿ, ಒಂದು ಪರೀಕ್ಷೆಯಲ್ಲಿ ಶೇ. 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಅದು ಸಕ್ಕರೆ ಕಾಯಿಲೆಯ ಮುಂಚಿನ ಹಂತ. ಬಿಎಂಐ, ಅಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ, 27 ಇತ್ತು. ಭಾರತೀಯರಲ್ಲಿ 23 ದಾಟಿದರೆ ಅಧಿಕ ತೂಕವೆಂದೂ 25 ದಾಟಿದರೆ ಬೊಜ್ಜೆಂದೂ ಲೆಕ್ಕ. ಆದರೆ 19ನೆಯ ಶತಮಾನದಲ್ಲಿ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕ್ವೆಟ್ಲೆ ಜನಸಮೂಹದ ಸರಾಸರಿಯನ್ನು ಅರಿಯಲು ಕಂಡುಕೊಂಡ ಈ ಸೂತ್ರಕ್ಕೆ, ಒಬ್ಬರ ಮೈಯಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ಎಲ್ಲಿ ಕೂತಿದೆ ಎಂಬುದು ತಿಳಿಯುವುದಿಲ್ಲ. ಹೊಟ್ಟೆಯೊಳಗಿನ ಅಂಗಗಳ ಸುತ್ತ ಸೇರುವ ಕೊಬ್ಬೇ ಹೆಚ್ಚು ತೊಂದರೆ ಕೊಡುವಂಥದ್ದಾದ್ದರಿಂದ ವೈದ್ಯರು ಸೊಂಟದ ಸುತ್ತಳತೆಯನ್ನೂ ಕೇಳಿದರು. ನಮ್ಮ ದೇಶದ ಹೆಂಗಸರಿಗೆ ಅದು 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಒಳಗಿರುವುದು ಒಳ್ಳೆಯದು.

ಅಳೆಯುವ ಕೆಲಸ ನನಗೆ ಹೊಸದಲ್ಲ, ಆದರೆ ಜಾಗ ಬೇರೆ. ನಾವು ದರ್ಜಿಗಳು ಲಂಗದ ಲಾಡಿ ಕಟ್ಟುವಲ್ಲಿ ಟೇಪು ಸುತ್ತುತ್ತೇವೆ. ಆರೋಗ್ಯಕ್ಕಾಗಿ ಅಳೆಯುವಾಗ ಪಕ್ಕೆಲುಬಿನ ಕೆಳತುದಿ ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯದಲ್ಲಿ ಟೇಪು ನೆಲಕ್ಕೆ ಸಮನಾಗಿ ಬರಬೇಕು. ಉಸಿರನ್ನು ಸಹಜವಾಗಿ ಬಿಟ್ಟ ಕೊನೆಯಲ್ಲಿ ಓದಬೇಕು. ಟೇಪು ಚರ್ಮವನ್ನು ಒತ್ತಬಾರದು. ಹೊಟ್ಟೆ ಒಳಗೆಳೆದುಕೊಳ್ಳುವವರನ್ನು ದಿನವೂ ನೋಡುವ ನಾನು, ಕನ್ನಡಿಯ ಮುಂದೆ ಹಾಗೆ ಮಾಡದಿರಲು ಸ್ವಲ್ಪ ಪ್ರಯತ್ನಪಡಬೇಕಾಯಿತು.

ನನಗೆ ಧೈರ್ಯ ಕೊಟ್ಟದ್ದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನ. ನಡಿಗೆ ಮತ್ತು ಆಹಾರದ ಬದಲಾವಣೆಯಿಂದ ಕಾಯಿಲೆ ಬರುವ ಸಂಭವ ಅದರಲ್ಲಿ ಶೇ. 28.5ರಷ್ಟು ತಗ್ಗಿತ್ತು, ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗದಿದ್ದರೂ ಮೈಯೊಳಗೆ ಕೆಲಸ ನಡೆಯುತ್ತದೆ ಎಂದು ತಿಳಿದಮೇಲೆ ತೂಕದ ಯಂತ್ರವನ್ನು ಅಟ್ಟಕ್ಕೆ ಸೇರಿಸಿದೆ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೇಸಿಗೆಯಲ್ಲಿ ತುಂಗೆಯ ದಡದಲ್ಲಿ ನಡೆಯುತ್ತೇನೆ. ಆಷಾಢದ ಮಳೆಯಲ್ಲಿ ಇಲ್ಲಿ ಛತ್ರಿಯೂ ನಿಲ್ಲುವುದಿಲ್ಲ, ಆಗ ಮನೆಯ ಜಗಲಿಯೇ ಗತಿ. ಊಟವಾದ ಕೂಡಲೇ ಹತ್ತು ನಿಮಿಷ ಓಡಾಡುವುದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಬೇಗ ಹೀರಿಕೊಳ್ಳುತ್ತದೆ. ಒಂದೊಂದು ರವಿಕೆ ಮುಗಿದಾಗಲೂ ಎದ್ದು ಅಂಗಳಕ್ಕೆ ಹೋಗಿ ಬರುತ್ತೇನೆ. ಗಿರಾಕಿಗಳಿಗೆ ಅದು ಸೋಮಾರಿತನವೆಂದು ಕಂಡರೆ ಕಾಣಲಿ.

ಊಟದಲ್ಲಿ ಮಲೆನಾಡಿನ ಯಾವುದನ್ನೂ ಬಿಟ್ಟಿಲ್ಲ. ಮನೆಯಲ್ಲಿ ಗ್ಲುಕೋಮೀಟರಿನಿಂದ ನೋಡಿದಾಗ ಬರಿಯ ಕಡುಬು ಚಟ್ನಿ ತಿಂದ ಎರಡು ಗಂಟೆಯ ನಂತರದ ಅಂಕಿಗೂ, ಕಡುಬು ಕಡಿಮೆ ಮಾಡಿ ಅಲಸಂದೆ ಕಾಳಿನ ಪಲ್ಯ ಹೆಚ್ಚು ಬಡಿಸಿಕೊಂಡಾಗಿನ ಅಂಕಿಗೂ ಎದ್ದುಕಾಣುವ ವ್ಯತ್ಯಾಸವಿತ್ತು. ಅಕ್ಕಿರೊಟ್ಟಿಯ ಜೊತೆ ಸೊಪ್ಪಿನ ಪಲ್ಯ, ಅನ್ನಕ್ಕೆ ಮೊದಲು ಒಂದೆಲಗದ ತಂಬುಳಿ, ಹೀಗೆ ತಟ್ಟೆಯ ಪ್ರಮಾಣವನ್ನಷ್ಟೇ ಬದಲಿಸಿದೆ. ಹಲಸಿನ ಹಣ್ಣು ಸಿಹಿ ಎಂಬುದು ನಿಜ. ಅದನ್ನು ಊಟದ ಮೇಲೆ ತಿನ್ನದೆ ಮಧ್ಯಾಹ್ನಾನಂತರ ನಾಲ್ಕೈದು ತೊಳೆ ತಿನ್ನುತ್ತೇನೆ. ತೊಡೆದೇವು ಎಂಬ ಸಿಹಿ ಮಾಡಿದ ದಿನ ಲೆಕ್ಕ ಇಡುವುದಿಲ್ಲ, ಆ ದಿನ ವರ್ಷದಲ್ಲಿ ಎಷ್ಟು ಸಲ ಬರುತ್ತದೆ?

ಮದುವೆಮನೆಯ ಮಾತುಗಳನ್ನು ನಿಭಾಯಿಸುವುದೇ ಕಷ್ಟದ ಭಾಗ. "ಮಗಳೇ, ಎಷ್ಟು ಊದಿದೀಯೇ" ಎನ್ನುವ ಚಿಕ್ಕಮ್ಮನಿಗೆ "ಹೌದು ಚಿಕ್ಕಮ್ಮ, ಬನ್ನಿ, ಪಂಕ್ತಿ ಕೂರ್ತಾ ಇದೆ" ಎಂದು ಕೈಹಿಡಿದು ಕರೆದೊಯ್ಯುತ್ತೇನೆ. ನನ್ನ ಎಚ್‌ಬಿಎ1ಸಿಯನ್ನು ಯಾರಿಗೂ ವಿವರಿಸುವುದಿಲ್ಲ. ಹರೆಯದ ಹುಡುಗಿಯರ ಎದುರು ಇಂಥ ಮಾತು ಬಂದರೆ ಮಾತ್ರ ಸುಮ್ಮನಿರುವುದಿಲ್ಲ: "ಅವಳ ಮೈ ಅವಳದ್ದು, ರವಿಕೆ ಹೊಂದಿಸುವುದು ನನ್ನ ಕೆಲಸ" ಎನ್ನುತ್ತೇನೆ. ನಾಚಿಸಿದರೆ ಯಾರೂ ನಡೆಯಲು ಹೊರಡುವುದಿಲ್ಲ. ಮನೆಯಿಂದ ಹೊರಬರುವುದನ್ನೇ ಕಡಿಮೆ ಮಾಡುತ್ತಾರೆ. ಜಾತ್ರೆಗೂ ಬರದೆ ಉಳಿದವರನ್ನು ನಾನು ಬಲ್ಲೆ.

ಈಗ ಸೊಂಟ ಕೆಲವು ಸೆಂಟಿಮೀಟರ್ ಇಳಿದಿದೆ, 80ರ ಒಳಗೆ ಇನ್ನೂ ಬಂದಿಲ್ಲ. ಎಚ್‌ಬಿಎ1ಸಿ 5.8 ಆಗಿದೆ. ಮುಂದಿನ ಪರೀಕ್ಷೆಯನ್ನು ದೀಪಾವಳಿ ಕಳೆದ ಮೇಲೆಯೇ ಮಾಡಿಸುತ್ತೇನೆ, ಹಬ್ಬದ ಹೋಳಿಗೆಯೂ ಆ ಸರಾಸರಿಯಲ್ಲಿ ಸೇರಲಿ.