ಹಳೆಯ ಹಂಪಿ, ಹಳೇಬೀಡು ನಿಮ್ಮ ಗೋಡೆಗೆ: 19ನೇ ಶತಮಾನದ ಪ್ರವಾಸಿ ಛಾಯಾಚಿತ್ರಗಳಿಗೆ ಕಟ್ಟು ಹಾಕಿಸುವ ಬಗೆ

ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದರು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ತೆಗೆದರು. 1863ರಲ್ಲಿ ಭಾರತಕ್ಕೆ ಬಂದ ಸ್ಯಾಮ್ಯುಯೆಲ್ ಬೋರ್ನ್ ಮೂರು ಸಲ ಹಿಮಾಲಯ ಹತ್ತಿದರು. ಇವರ ಚಿತ್ರಗಳನ್ನು ಮನೆಯಲ್ಲಿ ಹಾಕುವ ಮುನ್ನ ಒಂದು ಸಂಗತಿ ಗೊತ್ತಿರಬೇಕು: ಇವು ಹಿಗ್ಗಿಸಿ ಮಾಡಿದ ಪ್ರಿಂಟ್‌ಗಳಲ್ಲ. ನೆಗೆಟಿವ್‌ನ ಕೆಳಗೆ ಕಾಗದ ಇಟ್ಟು ಬಿಸಿಲಿಗೆ ಹಿಡಿದು ತೆಗೆದವು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಹಾಗಾಗಿ ಇವುಗಳ ಸೊಗಸು ಒಂದು ಮೊಳ ದೂರದಲ್ಲಿ ನಿಂತು ನೋಡಿದಾಗ ಸಿಗುತ್ತದೆ. ನಾಲ್ಕಡಿ ಕ್ಯಾನ್ವಾಸ್‌ಗೆ ಹಿಗ್ಗಿಸಿದರೆ ಹಳೇಬೀಡಿನ ಕೆತ್ತನೆ ಕಲ್ಲಿನ ಮೇಲಿನ ಕಲೆಯಂತೆ ಕಾಣುತ್ತದೆ, ಅಷ್ಟೆ. ಬೋರ್ನ್ ಚಿತ್ರಗಳಿಗೆ 10×12 ಇಂಚು ಸರಿಯಾದ ಅಳತೆ. ಟ್ರೈಪ್ ಚಿತ್ರಗಳನ್ನು ಅದಕ್ಕಿಂತ ತುಸು ಅಗಲವಾಗಿ, ಸುಮಾರು 10×14 ಇಂಚಿಗೆ ತೆಗೆಸಿ.

ಡಿಜಿಟಲ್ ಪ್ರತಿಗೆ ಸಂಗ್ರಹಾಲಯಗಳ ತಾಣಗಳಲ್ಲೇ ಹುಡುಕಿ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ, ಲಾಸ್ ಏಂಜಲಿಸ್‌ನ ಗೆಟ್ಟಿ ಮ್ಯೂಸಿಯಂ ಹಕ್ಕುಸ್ವಾಮ್ಯ ಮುಗಿದ ಅನೇಕ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಉಚಿತವಾಗಿ ಕೊಡುತ್ತವೆ. ಆಯಾ ಚಿತ್ರದ ಪುಟದಲ್ಲಿ ಬಳಕೆಯ ಷರತ್ತು ಓದಿಕೊಳ್ಳಿ. ಉದ್ದ ಬದಿಯ ಪಿಕ್ಸೆಲ್ ಸಂಖ್ಯೆಯನ್ನು 300ರಿಂದ ಭಾಗಿಸಿದರೆ ಎಷ್ಟು ಇಂಚಿನ ಪ್ರಿಂಟ್ ಚೊಕ್ಕವಾಗಿ ಬರುತ್ತದೆಂದು ತಿಳಿಯುತ್ತದೆ. 12 ಇಂಚಿಗೆ 3,600 ಪಿಕ್ಸೆಲ್ ಬೇಕು. 2,400ಕ್ಕಿಂತ ಕಡಿಮೆ ಇದ್ದರೆ ಆ ಚಿತ್ರವನ್ನು ಬಿಟ್ಟುಬಿಡಿ. ಸಾಫ್ಟ್‌ವೇರ್ ಹಿಗ್ಗಿಸಿ ಕೊಡುವ ವಿವರ ಶಿಲ್ಪಿ ಕೆತ್ತಿದ್ದಲ್ಲ.

ಆಯ್ಕೆಯಲ್ಲೂ ವಿವೇಚನೆ ಇರಲಿ. ಗುಡಿ, ಕೋಟೆ, ಘಾಟಿ, ಹೊಳೆಯ ಚಿತ್ರಗಳು ಗೋಡೆಗೆ ಒಪ್ಪುತ್ತವೆ. ಅದೇ ಕಾಲದಲ್ಲಿ ಜಾತಿ, ಬುಡಕಟ್ಟುಗಳ 'ಮಾದರಿ' ಎಂದು ಜನರನ್ನು ನಿಲ್ಲಿಸಿ ತೆಗೆದ ಚಿತ್ರಗಳೂ ರಾಶಿಯಾಗಿವೆ. ಆಳುವವರು ಜನರನ್ನು ವರ್ಗೀಕರಿಸಲು ತೆಗೆಸಿದ ಆ ಮುಖಗಳು ಹಜಾರದ ಅಲಂಕಾರವಾಗಬಾರದು.

ಪ್ರಿಂಟ್ ಹಾಕಿಸುವಾಗ ಕಪ್ಪು-ಬಿಳುಪಿಗೆ ಬದಲಾಯಿಸಬೇಡಿ, ಬಣ್ಣದ ಕಡತವಾಗಿಯೇ ಕೊಡಿ. ಬೋರ್ನ್ ಬಳಸಿದ್ದು ಮೊಟ್ಟೆಯ ಬಿಳಿ ಲೋಳೆ ಬಳಿದ ಆಲ್ಬುಮೆನ್ ಕಾಗದ. ಅದರಲ್ಲಿ ನೆರಳು ನೇರಳೆ ಬೆರೆತ ಕಂದು, ಬೆಳಕಿನ ಭಾಗ ಕೆನೆಬಣ್ಣ. ಫೋನಿನ 'ಸೆಪಿಯಾ' ಎರಡಕ್ಕೂ ಒಂದೇ ಹಳದಿ ಬಳಿದುಬಿಡುತ್ತದೆ. ಆಕಾಶ ಖಾಲಿ ಇದೆಯೆಂದು ತಿದ್ದಲೂ ಹೋಗಬೇಡಿ. ಅಂದಿನ ರಾಸಾಯನಿಕಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದುದರಿಂದ ಬಾನು ಬೆಳ್ಳಗೆ ಬರುತ್ತಿತ್ತು. ಟ್ರೈಪ್ ಕೆಲವು ನೆಗೆಟಿವ್‌ಗಳ ಮೇಲೆ ತಾವೇ ಬಣ್ಣ ಬಳಿದು ಮೋಡ ಮೂಡಿಸಿದ್ದರು. ಆ ಮೋಡ ಇರುವಲ್ಲಿ ಇರಲಿ. ಬೋರ್ನ್ ಚಿತ್ರಗಳ ಅಂಚಿನಲ್ಲಿ ನೆಗೆಟಿವ್ ಮೇಲೆಯೇ ಬರೆದ ಹೆಸರು, ಸಂಖ್ಯೆ ಕಾಣುತ್ತವೆ. ಅವನ್ನು ಕತ್ತರಿಸಬೇಡಿ.

ಕಾಗದ ನೂರಕ್ಕೆ ನೂರು ಹತ್ತಿಯದು, ಹೊಳಪಿಲ್ಲದ್ದು, 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಆಸುಪಾಸಿನದು ಇರಲಿ. ಶಾಯಿ ಪಿಗ್ಮೆಂಟ್, ಅಂದರೆ ಬಣ್ಣದ ನುಣ್ಣನೆಯ ಕಣಗಳಿರುವ ಬಗೆಯದು, ಆಗಿರಬೇಕು. ಬಣ್ಣ ಕರಗಿರುವ ಡೈ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ. ಚಿತ್ರದ ಸುತ್ತ 3 ಸೆಂ.ಮೀ. ಬಿಳಿ ಅಂಚು ಬಿಡಿಸಿ.

ಇನ್ನು ಕಟ್ಟು. ಹೆಚ್ಚಿನ ಚಿತ್ರಗಳು ಹಾಳಾಗುವುದು ಇಲ್ಲೇ. ಅಡ್ಡ ಚಿತ್ರ 30×25 ಸೆಂ.ಮೀ. ಇದೆ ಅಂದುಕೊಳ್ಳಿ. ಚಿತ್ರದ ಸುತ್ತ ಚೌಕದಂತೆ ಕೂರುವ ಮೌಂಟ್ ಬೋರ್ಡಿನ ಕಿಂಡಿಯನ್ನು ಸುತ್ತಲೂ ಅರ್ಧ ಸೆಂ.ಮೀ. ಬಿಟ್ಟು 31×26ಕ್ಕೆ ಕತ್ತರಿಸಿ, ಆಗ ಚಿತ್ರದ ಅಂಚು ಪೂರ್ತಿ ಕಾಣುತ್ತದೆ. ಮೇಲೆ ಮತ್ತು ಎರಡೂ ಬದಿ 7 ಸೆಂ.ಮೀ., ಕೆಳಗೆ ಎಂಟೂವರೆ ಬಿಡಿ. ನಾಲ್ಕೂ ಕಡೆ ಸಮ ಬಿಟ್ಟರೆ ಚಿತ್ರ ಕೆಳಗೆ ಜಾರಿದಂತೆ ಕಾಣುತ್ತದೆ. ಹೊರ ಅಳತೆ 45×41.5 ಆಯಿತು. ಬೋರ್ಡ್ ಆಮ್ಲರಹಿತವಾಗಿರಲಿ, ದಪ್ಪ ಒಂದೂವರೆ ಮಿ.ಮೀ. ಅಗ್ಗದ ಬೋರ್ಡಿನ ಆಮ್ಲ ಕೆಲವೇ ವರ್ಷದಲ್ಲಿ ಕಿಂಡಿಯ ಗುಂಟ ಕಂದು ಗೆರೆ ಎಳೆಯುತ್ತದೆ.

ಪ್ರಿಂಟನ್ನು ಹಿಂದಿನ ಬೋರ್ಡಿಗೆ ಅಂಟಿಸಲೇಬೇಡಿ. ಕಟ್ಟು ಹಾಕುವ ಅಂಗಡಿಯಲ್ಲಿ ನಾಲ್ಕೂ ಬದಿಗೆ ಟೇಪ್ ಬಿಗಿಯುವ ರೂಢಿಯಿದೆ, ಮೊದಲೇ ಬೇಡವೆಂದು ಹೇಳಿ. ಮಳೆಗಾಲದಲ್ಲಿ ಹತ್ತಿ ಕಾಗದ ತೇವ ಹೀರಿ ಹಿಗ್ಗುತ್ತದೆ; ಹಿಗ್ಗಲು ಜಾಗವಿಲ್ಲದಿದ್ದರೆ ಅಲೆಅಲೆಯಾಗಿ ಉಬ್ಬುತ್ತದೆ. ಬದಲಿಗೆ ಆಮ್ಲರಹಿತ ಕಾಗದವನ್ನು ಮಡಚಿ 2 ಸೆಂ.ಮೀ.ನ ನಾಲ್ಕು ಮೂಲೆ ಜೇಬು ಮಾಡಿ, ಆ ಜೇಬುಗಳನ್ನಷ್ಟೇ ಬೋರ್ಡಿಗೆ ಅಂಟಿಸಿ, ಪ್ರಿಂಟಿನ ಮೂಲೆಗಳನ್ನು ಅದರೊಳಗೆ ತುಸು ಸಡಿಲವಾಗಿ ಸೇರಿಸಿ. ಬಿಳಿ ಅಂಚು ಎರಡೂವರೆ ಸೆಂ.ಮೀ.ನಷ್ಟು ಮೌಂಟಿನಡಿ ಇರುವುದರಿಂದ ಜೇಬು ಹೊರಗೆ ಕಾಣುವುದಿಲ್ಲ.

ಗಾಜು 2 ಮಿ.ಮೀ. ಸಾಕು, ಈ ಅಳತೆಗೆ ಒಂದು ಕೆ.ಜಿ. ಹತ್ತಿರ ತೂಗುತ್ತದೆ. ಪ್ರಿಂಟ್ ಗಾಜಿಗೆ ತಾಗಬಾರದು, ತಾಗಿದರೆ ತೇವಕ್ಕೆ ಕಚ್ಚಿಕೊಳ್ಳುತ್ತದೆ. ಮೌಂಟಿನ ದಪ್ಪವೇ ಆ ಅಂತರ ಕೊಡುತ್ತದೆ. ಹಿಂದೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕುವುದಾದರೆ ನಡುವೆ ಪಾಲಿಯೆಸ್ಟರ್ ಹಾಳೆಯೊಂದು ಇರಲಿ. ಇಷ್ಟೆಲ್ಲ ಕೂರಲು ಕಟ್ಟಿನ ಒಳಬದಿಯ ತೋಡು 10–12 ಮಿ.ಮೀ. ಆಳ ಇರಬೇಕು. ಕರಾವಳಿ, ಮಲೆನಾಡಿನವರು ಈ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್‌ನೊಳಗೆ ಮುಗಿಸಿಕೊಳ್ಳಿ. ಆಷಾಢದಲ್ಲಿ ಮುಚ್ಚಿದ ಕಟ್ಟಿನೊಳಗೆ ತೇವವೂ ಸೇರಿಕೊಂಡು ಬೂಷ್ಟು ಹಿಡಿಯುತ್ತದೆ.

ತೂಗುಹಾಕಲು ಮಳೆ ಹೊಡೆಯುವ ಹೊರಗೋಡೆ, ಬಚ್ಚಲಿಗೆ ತಗುಲಿದ ಗೋಡೆ, ಪಶ್ಚಿಮದ ಬಿಸಿಲು ಬೀಳುವ ಗೋಡೆ ಬೇಡ. ಚಿತ್ರದ ನಡುಭಾಗ ನೆಲದಿಂದ 145–150 ಸೆಂ.ಮೀ. ಇರಲಿ, ಕುಳಿತು ನೋಡುವ ಜಾಗದಲ್ಲಿ ಇನ್ನೂ 15 ಸೆಂ.ಮೀ. ಇಳಿಸಿ. ಕೆಳಗಿನ ಎರಡು ಮೂಲೆಗೆ 5 ಮಿ.ಮೀ. ಬಿರಟೆ ತುಂಡು ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ಸ್ಥಳ, ಛಾಯಾಗ್ರಾಹಕ, ವರ್ಷ, ಸಂಗ್ರಹಾಲಯದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಕಟ್ಟಿನ ಹಿಂದೆ ಅಂಟಿಸಿಡಿ. ಮಳೆ ನಿಂತ ಮೇಲೆ ಒಮ್ಮೆ ಇಳಿಸಿ, ಬೆಳ್ಳಿಹುಳ, ಬೂಷ್ಟು ಇದೆಯೇ ನೋಡಿ.

ಅಜ್ಜನ ಪೆಟ್ಟಿಗೆಯಲ್ಲಿ ಅಸಲಿ ಆಲ್ಬುಮೆನ್ ಪ್ರಿಂಟೇ ಸಿಕ್ಕಿದರೆ ಅದನ್ನು ತೂಗುಹಾಕಬೇಡಿ. ಬೆಳಕು, ತೇವ ಎರಡೂ ಅದನ್ನು ಹಳದಿಗಟ್ಟಿಸಿ ಮಾಸಿಸುತ್ತವೆ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಅಸಲಿಯನ್ನು ಆಮ್ಲರಹಿತ ಕಾಗದದ ನಡುವೆ ಮಲಗಿಸಿಟ್ಟು, ಪ್ರತಿಗೆ ಕಟ್ಟು ಹಾಕಿಸಿ.